ವಿಭೂತಿ ಹಚ್ಚಿದ ಜ್ಯೂಸರ್

ಮಾಣಿಕನಗರ, ಹುಮನಾಬಾದ
5-2-1997

ಕಸ್ತೂರಿಬಾಯಿ ವೈನಿಯವರಿಗೆ ವಿದ್ಯಾವತಿ ಮಾಡುವ ಶರಣಾರ್ಥಿ.

ಆರು ವರ್ಷದ ಮೇಲೆ ಈ ನಾದಿನಿಯ ಅಕ್ಷರ ನಿಮಗೆ ಗುರುತು ಹತ್ತಲಿಕ್ಕಿಲ್ಲ, ಅದಕ್ಕೇ ಹೆಸರು ಮೊದಲು ಬರೆದೆ. ಕಲ್ಯಾಣದ ಬಸ್ಸಿನ ಕಂಡಕ್ಟರ್ ಹುಸೇನ ಮೊನ್ನೆ ನಮ್ಮ ಓಣಿಗೆ ಬಂದಿದ್ದ. "ನಿಮ್ಮ ಅಣ್ಣಾವ್ರು ಮನ್ನಾಏಖೇಳ್ಳಿ ಹತ್ರ ಸ್ಕೂಟರ್ ಮ್ಯಾಲಿಂದ ಬಿದ್ದಾರಂತ, ದವಡಿ ಮುರದದಂತ, ಬಾಯಿ ತಂತಿಲೆ ಕಟ್ಟ್ಯಾರಂತ. ನಿಮಗ ಗೊತ್ತಿಲ್ಲೇನ್ರಿ?" ಎಂದ. ಗೊತ್ತಿದೆ ಎಂದು ಸುಳ್ಳು ಹೇಳಿ ಒಳಗೆ ಬಂದೆ. ಒಡಹುಟ್ಟಿದ ಅಣ್ಣನ ಸುದ್ದಿಯನ್ನು ಬಸ್ಸಿನ ಕಂಡಕ್ಟರ್ ಬಾಯಿಂದ ಕೇಳುವ ಗತಿ ಬಂತು.

ನಾನು ಯಾಕೆ ಬರಲಿಲ್ಲ ಎಂದು ಯಾರೂ ಕೇಳಬಾರದು. ಅಣ್ಣನ ಮಗಳು ಸೋದರತ್ತೆಯ ಮನೆಗೆ ಸೊಸೆಯಾಗಿ ಬರುವುದು ನಮ್ಮಲ್ಲಿ ಮೊದಲಿನಿಂದ ನಡೆದುಬಂದದ್ದು. ನಿಮ್ಮ ಶೀತಲ್ ನನ್ನ ನಾಗನಾಥನನ್ನು ಒಲ್ಲೆ ಎಂದಳು, ನೀವು ಆಕೆಯ ಮಾತಿಗೆ ತಲೆದೂಗಿದಿರಿ, ನಾನು ನಾಲ್ಕು ಮಾತಾಡಿದೆ, ಅಣ್ಣ "ಇನ್ನ ಮ್ಯಾಲ ನಮ್ಮ ಬಾಗಲಕ್ಕ ಬರಬ್ಯಾಡ" ಎಂದ. ನಾನು ಬಂದಿಲ್ಲ. ಕರೆಯದ ಮನೆಗೆ ಹೋಗುವ ಅಭ್ಯಾಸ ನನಗಿಲ್ಲ.

ಹುಸೇನನ ಕೈಯಲ್ಲಿ ಒಂದು ಡಬ್ಬಿ ಕಳಿಸಿದ್ದೇನೆ. ಜ್ಯೂಸರ್ ಇದೆ. ಅಗಿಯಲು ಬಾರದವರಿಗೆ ಇದಕ್ಕಿಂತ ಉಪಕಾರದ ವಸ್ತು ಇಲ್ಲ. ಮುಂದೆ ತಿರುಗಿಸುವ ಗುಂಡಿ ಇದೆ, ಅದರ ಸುತ್ತ ಅಂಕಿಗಳಿವೆ. ಹಣ್ಣು ನೋಡಿ ತಿರುಗಿಸಿಕೊಳ್ಳಿ. ಜೊತೆಗಿದ್ದ ಮಾಹಿತಿ ಪುಸ್ತಕ ಕಳೆದುಹೋಗಿದೆ.

ಅಣ್ಣನಿಗೆ ಕೊಡಿ. ನಾನು ಕೊಟ್ಟೆ ಎಂದು ಹೇಳುವುದು ಬಿಡುವುದು ನಿಮಗೆ ಬಿಟ್ಟದ್ದು.

ವಿದ್ಯಾವತಿ


ಬಸವಕಲ್ಯಾಣ
10-2-1997

ವಿದ್ಯಾವತಿಬಾಯಿ ಅವರಿಗೆ ಶರಣಾರ್ಥಿ.

ಡಬ್ಬಿ ಮುಟ್ಟಿತು. ನೀವು ಕಳಿಸಿದ್ದೆಂದು ಅವರಿಗೆ ಹೇಳಿದೆ. ಸುಳ್ಳು ಹೇಳಿ ಅದರ ಲೆಕ್ಕ ನೆನಪಿಡುವಷ್ಟು ಪುರಸೊತ್ತು ನನಗಿಲ್ಲ. ಅವರು ಬಹಳ ಹೊತ್ತು ಡಬ್ಬಿಯನ್ನೇ ನೋಡಿದರು. ಮಾತಾಡಲು ಬಾಯಿ ಬರುವುದಿಲ್ಲ, ಏನಿದ್ದರೂ ಪಾಟಿಯ ಮೇಲೆ ಬಳಪದಿಂದ ಬರೆಯುತ್ತಾರೆ. ಆಮೇಲೆ ಎದ್ದು ಸ್ನಾನ ಮಾಡಿ ಬಂದರು. ಹೊಸ ವಸ್ತು ಮನೆಗೆ ಬಂದರೆ ನಿಮ್ಮ ಅಣ್ಣನ ಪದ್ಧತಿ ನಿಮಗೆ ಗೊತ್ತೇ ಇದೆ. ನಾನು ಅಡಿಗೆಮನೆಯಿಂದ ಬರುವುದರೊಳಗೆ ಯಂತ್ರವನ್ನು ಹಲಗೆಯ ಮೇಲಿಟ್ಟು, ಮುಂಭಾಗಕ್ಕೆ ಮೂರು ಬೆರಳು ವಿಭೂತಿ ಬಳಿದು, ಕೈ ಮುಗಿದು ಕೂತಿದ್ದರು.

ಬಿದ್ದದ್ದು ಜನವರಿ ಇಪ್ಪತ್ತಕ್ಕೆ. ಎಮ್ಮೆ ಅಡ್ಡ ಬಂದಿತ್ತು. ಸೊಲ್ಲಾಪುರದ ಡಾಕ್ಟರು ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ತಂತಿ ಬಿಗಿದಿದ್ದಾರೆ. ಎರಡು ತಿಂಗಳು ಸ್ಟ್ರಾದಿಂದ ಹೋಗುವುದಷ್ಟೇ ಊಟ: ಹಾಲು, ತೆಳ್ಳನೆಯ ಗಂಜಿ, ಬೇಳೆಯ ಕಟ್ಟು, ಹಣ್ಣಿನ ರಸ. ಬೀಳುವ ಮೊದಲು ಅರವತ್ತೆರಡು ಕೆಜಿ ಇದ್ದವರು ಈಗ ಐವತ್ತೊಂದು. ಮಾರ್ಚ್ ಇಪ್ಪತ್ತಕ್ಕೆ ಮತ್ತೆ ಹೋಗಬೇಕು. ಅಂದು ಐವತ್ತಕ್ಕಿಂತ ಕಡಿಮೆ ತೂಗಿದರೆ ಅಲ್ಲೇ ಇರಿಸಿಕೊಂಡು ಮೂಗಿನಿಂದ ನಳಿಕೆ ಹಾಕುತ್ತಾರಂತೆ. ಶಕ್ತಿ ಇಲ್ಲದ ಮೈಯಲ್ಲಿ ಮೂಳೆ ಕೂಡುವುದಿಲ್ಲವಂತೆ. ನಳಿಕೆ ಎಂಬ ಮಾತು ಕೇಳಿದ ಕೂಡಲೇ ಇವರು ಪಾಟಿಯ ಮೇಲೆ "ಬ್ಯಾಡ" ಎಂದು ಬರೆದು ಕೆಳಗೆ ಎರಡು ಗೆರೆ ಎಳೆದರು.

ಇನ್ನೊಂದು ಕೇಳಿ. ದವಾಖಾನೆಯವರು ತಂತಿ ಕತ್ತರಿಸುವ ಒಂದು ಕಟರ್ ಕೊಟ್ಟು ಕಳಿಸಿದ್ದಾರೆ. ಬಾಯಿ ಕಟ್ಟಿದ್ದಾಗ ವಾಂತಿಯಾದರೆ ಉಸಿರು ಕಟ್ಟುತ್ತದೆ, ಆಗ ತಡಮಾಡದೆ ನೀವೇ ತಂತಿ ಕತ್ತರಿಸಬೇಕು ಎಂದರು. ಅದನ್ನು ದೇವರ ಕೋಣೆಯ ಮೊಳೆಗೆ ತೂಗುಹಾಕಿದ್ದೇನೆ. ದಿನಕ್ಕೆ ಹತ್ತು ಸಾರಿ ಅದರ ಕಡೆ ನೋಡುತ್ತೇನೆ.

ನೀವು ಬರೆದಂತೆ ಗುಂಡಿಯ ಸುತ್ತ ಅಂಕಿಗಳೇನೂ ಇಲ್ಲ. ಬಲಕ್ಕೆ ತಿರುಗಿಸಿದರೆ ಟಕ್, ಟಕ್, ಟಕ್ ಎಂದು ಮೂರು ಸಾರಿ ಸದ್ದು ಬರುತ್ತದೆ. ಮೋಸಂಬಿಗೆ ಎಷ್ಟು ಟಕ್, ಗಜ್ಜರಿಗೆ ಎಷ್ಟು ಟಕ್, ತಿಳಿಸಿರಿ. ನಿನ್ನೆ ಸ್ಟ್ರಾದಲ್ಲಿ ನಾರು ಸಿಕ್ಕಿಕೊಂಡು ಅರ್ಧ ತಾಸು ಕಾಡಿತು. ಯಂತ್ರ ಎಷ್ಟು ಚೊಕ್ಕಟವಾಗಿ ಇಟ್ಟುಕೊಂಡಿದ್ದೀರಿ, ಒಂದು ಕಲೆಯೂ ಇಲ್ಲ. ದಿನಾ ಬಳಸುವವರ ಮನೆಯ ವಸ್ತು ಎಂದು ಅನ್ನಿಸುವುದೇ ಇಲ್ಲ.

ಕಸ್ತೂರಿಬಾಯಿ


ಮಾಣಿಕನಗರ
14-2-1997

ವೈನಿಯವರಿಗೆ ಶರಣಾರ್ಥಿ.

ಅಂಕಿಗಳು ಇದ್ದರೇನು, ಇಲ್ಲದಿದ್ದರೇನು. ಕೆಲವು ಯಂತ್ರಗಳಿಗೆ ಇರುವುದಿಲ್ಲ. ಮೋಸಂಬಿ, ದ್ರಾಕ್ಷಿ ಮೆತ್ತಗಿನವು, ಅವಕ್ಕೆ ಮೂರು ಟಕ್ ಕೊಟ್ಟುಬಿಡಿ, ಒಂದೇ ಗಳಿಗೆಯಲ್ಲಿ ಮುಗಿಯುತ್ತದೆ. ಗಜ್ಜರಿ, ಬೀಟ್‌ರೂಟ್ ಗಟ್ಟಿಯಾದವು, ಅವಕ್ಕೆ ಒಂದೇ ಟಕ್. ಬೀಸುವ ಕಲ್ಲಿನ ಮುಂದೆ ಕೂತವರಿಗೆ ಇದನ್ನು ಹೇಳಬೇಕಾಗಿಲ್ಲ. ಗಟ್ಟಿ ಕಾಳನ್ನು ನಿಧಾನ ಬೀಸದೆ ಅವಸರ ಮಾಡಿದರೆ ಕಲ್ಲೂ ಹಾಳು, ಹಿಟ್ಟೂ ಹಾಳು. ನಮ್ಮಲ್ಲಿ ಹಾಗೇ ಮಾಡುತ್ತೇವೆ.

ಮೋಸಂಬಿಯ ಬಿಳಿ ಪೊರೆ ಪೂರ್ತಿ ಸುಲಿಯಿರಿ, ಬೀಜ ತೆಗೆಯಿರಿ, ಇಲ್ಲದಿದ್ದರೆ ಕಹಿಯಾಗುತ್ತದೆ. ನಾರು ಸಿಗುತ್ತಿದ್ದರೆ ಹಳೆಯ ತೆಳು ಧೋತರದ ತುಂಡಿನಲ್ಲಿ ಇನ್ನೊಮ್ಮೆ ಸೋಸಿರಿ.

ಅಣ್ಣ ಡಬ್ಬಿಯನ್ನು ಬಹಳ ಹೊತ್ತು ನೋಡಿದ ಎಂದು ಬರೆದಿರಿ. ಸಿಟ್ಟಿನಿಂದಲೋ ಹೇಗೋ, ಅದನ್ನೂ ಬರೆದಿದ್ದರೆ ಚೆನ್ನಾಗಿತ್ತು.

ವಿದ್ಯಾವತಿ


ಬಸವಕಲ್ಯಾಣ
25-2-1997

ವಿದ್ಯಾವತಿಬಾಯಿ ಅವರಿಗೆ ಶರಣಾರ್ಥಿ.

ನೀವು ಹೇಳಿದ ಹಾಗೇ ನಡೆದಿದೆ. ಮೋಸಂಬಿಗೆ ಮೂರು, ಗಜ್ಜರಿಗೆ ಒಂದು. ದಿನಕ್ಕೆ ಆರು ಲೋಟ. ಮೋಸಂಬಿಯ ಲೋಟವಂತೂ ಕಂಠಮಟ ತುಂಬಿ ಮೇಲೆ ಬೆಳ್ಳನೆ ನೊರೆ ನಿಲ್ಲುತ್ತದೆ, ಆಗತಾನೆ ಹಿಂಡಿದ ಎಮ್ಮೆ ಹಾಲಿನ ಹಾಗೆ. ನೋಡಿದರೇ ಹೊಟ್ಟೆ ತುಂಬಬೇಕು. ಅವರು ಮಾತ್ರ ಅರ್ಧ ಕುಡಿದು ಹೊಟ್ಟೆಯ ಮೇಲೆ ಕೈ ಇಟ್ಟುಕೊಳ್ಳುತ್ತಾರೆ, ಪಾಟಿಯ ಮೇಲೆ "ಸಾಕು" ಎಂದು ಬರೆಯುತ್ತಾರೆ. ಮೊದಲಿನಿಂದಲೂ ಹಟಮಾರಿ, ನಿಮಗೆ ಹೇಳಬೇಕೆ.

ಪ್ರತಿ ಸೋಮವಾರ ಸೈಫುದ್ದೀನ್ ಸೇಟರ ಅಡತ್ ಅಂಗಡಿಗೆ ಕರೆದುಕೊಂಡು ಹೋಗಿ, ತೊಗರಿ ಚೀಲ ತೂಗುವ ಕಾಟಾದ ಮೇಲೆ ನಿಲ್ಲಿಸುತ್ತೇನೆ. ಚೀಲ ಇಳಿಸಿ ಇವರನ್ನು ಹತ್ತಿಸುತ್ತಾರೆ. ಎಲ್ಲಾ ಸರಿಯಾಗಿದೆ, ಸುಧಾರಿಸುತ್ತಿದ್ದಾರೆ. ನೀವು ಚಿಂತೆ ಮಾಡಬೇಡಿ.

ಪಾತ್ರೆ ತಿಕ್ಕಲು ಬರುವ ಬಾಳಮ್ಮನಿಗೆ ಈ ಯಂತ್ರದಿಂದ ದೊಡ್ಡ ಉಪಕಾರವಾಗಿದೆ. ಗಜ್ಜರಿಯ ಹಿಪ್ಪೆಯನ್ನೆಲ್ಲ ತನ್ನ ಆಡಿಗೆ ಒಯ್ಯುತ್ತಾಳೆ. "ನಮ್ಮ ಆಡು ಮೈ ತುಂಬಿ ಕುಂತದ ನೋಡ್ರಿ ಅವ್ವಾರ, ಹಿಪ್ಪಿ ಹಿಂಡಿದ್ರ ಮೊಳಕೈತನಾ ರಸ ಇಳೀತದ" ಎಂದು ಓಣಿಗೆಲ್ಲ ಸಾರಿಕೊಂಡು ಬಂದಿದ್ದಾಳೆ.

ಯಂತ್ರ ಬಿಸಿಯಾಗಿ ಸುಟ್ಟ ವಾಸನೆ ಬರುತ್ತದೆ. ಅದು ಇರುವುದೇ ಹಾಗೆಯೋ?

ಶೀತಲ್ ನಾಲ್ಕು ದಿನ ಬಂದು ಇದ್ದು ಹೋದಳು. ನಿಮ್ಮನ್ನು ಕೇಳಿದಳು.

ಕಸ್ತೂರಿಬಾಯಿ


ಮಾಣಿಕನಗರ
1-3-1997

ವೈನಿ,

ಈ ಪತ್ರ ಪೂರ್ತಿ ಓದಿ, ನಡುವೆ ಹರಿದು ಒಗೆಯಬೇಡಿ.

ನಿಮ್ಮ ಪತ್ರ ತೆಗೆದುಕೊಂಡು ನಿನ್ನೆ ಬಸ್ ಸ್ಟ್ಯಾಂಡಿನ ಲಾಲ್ ಅಹ್ಮದನ ಜ್ಯೂಸ್ ಅಂಗಡಿಗೆ ಹೋಗಿದ್ದೆ. ಇಪ್ಪತ್ತು ವರ್ಷದಿಂದ ಅಲ್ಲಿ ಹಣ್ಣಿನ ರಸ ತೆಗೆಯುತ್ತಿದ್ದಾನೆ. ಸುಟ್ಟ ವಾಸನೆ ಯಾಕೆ ಬರುತ್ತದೆ ಎಂದಷ್ಟೇ ಕೇಳಲು ಹೋದವಳು. ಅವನು "ಪೂರಾ ಓದ್ರಿ ಬಾಯಿ" ಎಂದ. ಓದಿದೆ. ಆಡಿನ ಮಾತು ಬಂದಾಗ ಮೊದಲು ನಕ್ಕ. ಆಮೇಲೆ ಕೈಯಲ್ಲಿದ್ದ ಲೋಟ ಕೆಳಗಿಟ್ಟ.

"ಬಾಯಿ, ಆಡು ದಪ್ಪ ಆಗ್ಯಾದಂದ್ರ ಮನಷ್ಯಾ ತೆಳ್ಳಗ ಆಗ್ಯಾನ. ಆ ರಸ ಯಾರ ಹೊಟ್ಟಿಗಿ ಹೋಗಬೇಕಾಗಿತ್ತ್ರಿ? ಗಜ್ಜರಿಗಿ ಒಂದ್ ಟಕ್ ಅಂತ ಯಾರ್ ಹೇಳಿದ್ರು? ಮೋಸಂಬಿಗಿ ಮೂರಂತ? ಅದು ರಸ ಅಲ್ಲರಿ, ಗಾಳಿ. ಲೋಟದಾಗ ಅರ್ಧ ಗಾಳಿ ಕುಡಸಾಕತ್ತೀರಿ ನೀವು. ಹೊಟ್ಟಿ ಉಬ್ಬತದ, ಓಕರಿಕಿ ಬರತದ."

ಯಾರು ಹೇಳಿದರು ಎಂದು ನಾನು ಏನು ಹೇಳಲಿ. ಅವನ ಮುಂದೆ ಬಾಯಿ ಮುಚ್ಚಿಕೊಂಡು ನಿಂತೆ. ನಿಮ್ಮ ಮುಂದೆ ಮುಚ್ಚಲಾರೆ.

ವೈನಿ, ಆ ಯಂತ್ರವನ್ನು ನಾನು ಒಂದು ದಿನವೂ ಬಳಸಿಲ್ಲ. ನಿಮಗೆ ಕಳಿಸುವ ದಿನದವರೆಗೆ ಡಬ್ಬಿ ಬಿಚ್ಚಿರಲೇ ಇಲ್ಲ. ಆರು ವರ್ಷದ ಕೆಳಗೆ, ಶೀತಲ್ ನನ್ನ ಮನೆಗೆ ಬರುತ್ತಾಳೆ ಎಂದು ತಿಳಿದು, ಹೊಸ ಸೊಸೆಯ ಅಡಿಗೆಮನೆಗೆ ಕೊಂಡದ್ದು. ಮಾಹಿತಿ ಪುಸ್ತಕ ಕಳೆದಿಲ್ಲ. ನನ್ನ ಟ್ರಂಕಿನಲ್ಲಿದೆ. ಅದಕ್ಕೆ ಹೊಲಿದ ಗ್ಯಾರಂಟಿ ಚೀಟಿಯ ಮೇಲೆ ಅಂಗಡಿಯವನ ಕೈಯಿಂದ "ಸೌ. ಶೀತಲ್ ನಾಗನಾಥ" ಎಂದು ಬರೆಸಿದ್ದೆ. ಅದನ್ನು ನೀವು ನೋಡಬಾರದೆಂದು ಡಬ್ಬಿಯಿಂದ ತೆಗೆದಿಟ್ಟೆ. ಈಗಿನ ಸೊಸೆ ಎರಡು ಸಾರಿ ಕೇಳಿದರೂ ಯಂತ್ರ ಕೊಟ್ಟಿರಲಿಲ್ಲ, ಅಂಥ ಹಟದವಳು ನಾನು. ಪುಸ್ತಕ ಇಂಗ್ಲಿಷಿನಲ್ಲಿದೆ, ಓದಿಸಲು ನಾಚಿಕೆ, ಗೊತ್ತಿಲ್ಲ ಎನ್ನಲು ಇನ್ನೂ ನಾಚಿಕೆ. ಬೀಸುವ ಕಲ್ಲಿನ ಲೆಕ್ಕ ನಾನೇ ಹುಟ್ಟಿಸಿ ಬರೆದದ್ದು.

ಮನೆಗೆ ಬಂದು ಪುಸ್ತಕ ಒಯ್ದು ಲಾಲ್ ಅಹ್ಮದನ ಮುಂದೆ ಹಿಡಿದೆ, ಚಿತ್ರ ನೋಡಿ ಎಲ್ಲಾ ಹೇಳಿದ. ನಾನು ಹೇಳಿದ್ದರ ಪೂರ್ತಿ ಉಲ್ಟಾ. ಮೋಸಂಬಿ, ದ್ರಾಕ್ಷಿ, ಟೊಮ್ಯಾಟೊಗೆ ಒಂದನೆಯದು. ಗಜ್ಜರಿ, ಬೀಟ್‌ರೂಟ್, ಸೇಬಿಗೆ ಮೂರನೆಯದು. ಇದು ಬೀಸುವ ಕಲ್ಲಲ್ಲ, ಗಟ್ಟಿಯಾದದ್ದು ಜೋರಾಗಿ ತಿರುಗಿದರೇ ರಸ ಬಿಡುತ್ತದೆ. ನಿಧಾನ ಇರಬೇಕಾದದ್ದು ನಮ್ಮ ಕೈ. ಮೇಲಿನ ಕೋಲಿನಿಂದ ಹೋಳುಗಳನ್ನು ಜೋರಿನಿಂದ ಗಿಡಿದು ತುಂಬಬೇಡಿ, ಯಂತ್ರ ತಾನೇ ಎಳೆದುಕೊಳ್ಳುವಷ್ಟು ಒತ್ತಿದರೆ ಸಾಕು. ಒಂದು ನಿಮಿಷ ಓಡಿಸಿ, ನಿಲ್ಲಿಸಿ ಎರಡು ನಿಮಿಷ ತಣ್ಣಗಾಗಲು ಬಿಡಿ, ಸುಟ್ಟ ವಾಸನೆ ಹೋಗುತ್ತದೆ. ಒಳಗಿನ ಜಾಲರಿಯ ತೂತು ಮುಚ್ಚಿದ್ದರೆ ಯಾವ ಟಕ್ ಕೊಟ್ಟರೂ ಅಷ್ಟೇ, ಪ್ರತಿ ಸಾರಿ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿರಿ. ತೆಗೆದ ರಸವನ್ನು ಹತ್ತು ನಿಮಿಷ ಇಟ್ಟು, ನೊರೆ ಚಮಚದಿಂದ ತೆಗೆದು ಆಮೇಲೆ ಕೊಡಿ. ಹಿಪ್ಪೆ ಮುಷ್ಟಿಯಲ್ಲಿ ಹಿಡಿದರೆ ಪುಡಿಪುಡಿಯಾಗಿ ಉದುರಬೇಕು. ಹಾಗೆ ಉದುರಿದರೆ ಗುಂಡಿ ಸರಿಯಾದ ಜಾಗದಲ್ಲಿದೆ ಎಂದರ್ಥ.

ಇನ್ನೊಂದು. ಅಂಕಿ ಇಲ್ಲದ ಗುಂಡಿ ಇರುವುದೇ ಇಲ್ಲವಂತೆ. "ಮ್ಯಾಲ ಏನರ ಹಚ್ಚ್ಯಾರೇನ್ರಿ?" ಎಂದು ಕೇಳಿದ. ಆಗ ನನಗೆ ನಿಮ್ಮ ಮೊದಲ ಪತ್ರ ನೆನಪಾಯಿತು. ರೋಗಿಯಾದ ಅಣ್ಣ ತನ್ನ ಕೈಯಿಂದ ಹಚ್ಚಿದ ವಿಭೂತಿಯನ್ನು ಒರೆಸಿರಿ ಎಂದು ನಾನು ಯಾವ ಬಾಯಿಂದ ಹೇಳಲಿ. ನೀವೇ ನೋಡಿ.

ಅಣ್ಣನ ತೂಕ ಎಷ್ಟಿದೆ? ಸುಧಾರಿಸಿದೆ ಎಂದು ಬರೆಯಬೇಡಿ. ಎಷ್ಟು ಕೆಜಿ, ಅದನ್ನು ಬರೆಯಿರಿ.

ವಿದ್ಯಾ


ಬಸವಕಲ್ಯಾಣ
6-3-1997

ವಿದ್ಯಾ,

ಬಾಯಿ, ನೀವು, ಅವರಿಗೆ ಎಂದೆಲ್ಲ ಬರೆಯುವಷ್ಟು ಸಮಾಧಾನ ನನಗೆ ಉಳಿದಿಲ್ಲ. ಇದನ್ನು ಬೈಯಲಿಕ್ಕೇ ಬರೆಯುತ್ತಿದ್ದೇನೆ.

ಗೊತ್ತಿಲ್ಲ ವೈನಿ, ಕೇಳಿ ಹೇಳುತ್ತೇನೆ ಎಂದು ಒಂದು ಸಾಲು ಬರೆದಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? ಮಾರ್ಚ್ ಎರಡರಂದು, ಭಾನುವಾರ ಮಧ್ಯಾಹ್ನ, ಮೋಸಂಬಿಯ ರಸ ಕುಡಿದ ಮೇಲೆ ಅವರಿಗೆ ಓಕರಿಕೆ ಬಂತು. ಕಣ್ಣು ಮೇಲೆ ಹೋದವು. ಬಾಳಮ್ಮ ಅವರನ್ನು ಮುಂದಕ್ಕೆ ಬಗ್ಗಿಸಿ ಹಣೆ ಹಿಡಿದಳು, ನಾನು ಓಡಿ ಮೊಳೆಯಿಂದ ಕಟರ್ ತಂದೆ. ಎಡಗೈಯಿಂದ ತುಟಿ ಎತ್ತಿ ಬಲಗೈಯಲ್ಲಿ ಕಟರ್ ಹಿಡಿದು ನಿಂತೆ. ಡಾಕ್ಟರು ತೋರಿಸಿದ ತಂತಿ ಯಾವುದು ಎಂದು ನನಗೆ ಕಾಣಲೇ ಇಲ್ಲ. ವಿದ್ಯಾ, ನಾನು ಅವರನ್ನು ಕೊಂದುಬಿಡುತ್ತೇನೆ ಎಂದುಕೊಂಡೆ. ಅಷ್ಟರಲ್ಲಿ ಒಂದು ದೊಡ್ಡ ತೇಗು ಬಂತು, ಬರೀ ಗಾಳಿ. ಓಕರಿಕೆ ಇಳಿಯಿತು. ಅವರು ನನ್ನ ಕೈಯಿಂದ ಕಟರ್ ತೆಗೆದು ಪಕ್ಕಕ್ಕಿಟ್ಟು, ನನಗೇ ನೀರು ಕೊಟ್ಟರು.

ಸುಳ್ಳು ನೀನೊಬ್ಬಳೇ ಬರೆದಿಲ್ಲ. ಅವರು ಸುಧಾರಿಸುತ್ತಿದ್ದಾರೆ ಎಂದು ನಾನು ಬರೆದಾಗ ತೂಕ ನಲವತ್ತೆಂಟೂವರೆ ಇತ್ತು. ಈ ಸೋಮವಾರ ನಲವತ್ತೇಳೂವರೆ. ನಾದಿನಿ ಕೊಟ್ಟ ಯಂತ್ರ ಇಟ್ಟುಕೊಂಡೂ ಗಂಡನ ಹೊಟ್ಟೆ ತುಂಬಿಸಲು ಈಕೆಗೆ ಆಗಲಿಲ್ಲ ಎಂದು ನೀನು ತಿಳಿಯುತ್ತೀ ಎಂದು ಮುಚ್ಚಿಟ್ಟೆ. ಸೈಫುದ್ದೀನ್ ಸೇಟರು ಕಾಟಾದ ಮುಳ್ಳು ನೋಡಿ ತಲೆ ಕೆಳಗೆ ಹಾಕಿದರು, ಬಾಯಿಂದ ಅಂಕಿ ಹೇಳಲಿಲ್ಲ. ಪುಣ್ಯಾತ್ಮ.

ನಿನ್ನ ಪತ್ರ ನಾಲ್ಕನೇ ತಾರೀಖಿಗೆ ಬಂತು. ಒಲೆಯ ಮುಂದೆ ನಿಂತೇ ಓದಿದೆ. ಗ್ಯಾರಂಟಿ ಚೀಟಿಯ ಮಾತಿಗೆ ಬಂದಾಗ ಕೂತೆ. ಅದಕ್ಕೆ ಈಗ ಉತ್ತರ ಬರೆಯುವುದಿಲ್ಲ, ಎದುರು ಕೂತು ಮಾತಾಡುವ ಮಾತು ಅದು.

ಪತ್ರವನ್ನು ಅವರ ಕೈಗೇ ಕೊಟ್ಟೆ. ಓದಿದರು. ವಿಭೂತಿಯ ಸಾಲಿಗೆ ಬಂದಾಗ ಹೆಗಲು ಅಲುಗಾಡತೊಡಗಿತು. ಅಳುತ್ತಿದ್ದಾರೆ ಎಂದು ನಾನು ಹತ್ತಿರ ಹೋದರೆ, ಮೂಗಿನಿಂದ ನಗುತ್ತಿದ್ದಾರೆ! ಬಾಯಿ ತೆರೆಯಲಾರದ ಮನುಷ್ಯನ ನಗು ಹೇಗಿರುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ಪಾಟಿ ಎಳೆದುಕೊಂಡು ಬರೆದರು: "ವಿಭೂತಿಗಿ ಬ್ಯಾರೆ ಜಾಗಾ ಇಲ್ಲೇನು?" ತಾವೇ ಎದ್ದು ಧೋತರದ ತುದಿ ನೀರಲ್ಲಿ ಅದ್ದಿ ಉಜ್ಜಿದರು. ಒಣಗಿ ಗೋಡೆಯ ಗಿಲಾಯಿಯ ಹಾಗೆ ಗಟ್ಟಿಯಾಗಿ ಕೂತಿತ್ತು. ಒಂದು, ಎರಡು, ಮೂರು, ಮೂರೂ ಅಲ್ಲೇ ಇದ್ದವು, ಬಿಳಿ ಪ್ಲಾಸ್ಟಿಕ್ ಮೇಲೆ ಬೂದು ಬಣ್ಣದ ಸಣ್ಣ ಅಂಕಿ. ಆಮೇಲೆ ಯಂತ್ರದ ಬೆನ್ನಿಗೆ ಹೊಸದಾಗಿ ಮೂರು ಬೆರಳು ಎಳೆದರು.

ಅಂದೇ ಗಜ್ಜರಿಯನ್ನು ಮೂರಕ್ಕೆ ಹಾಕಿದೆ. ಹಿಪ್ಪೆ ಮುಷ್ಟಿಯಲ್ಲಿ ಹಿಡಿದರೆ ಉದುರಿತು. ಮೋಸಂಬಿ ಒಂದಕ್ಕೆ. ನೊರೆ ತೆಗೆದ ಮೇಲೆ ಲೋಟ ಮೊದಲಿನಷ್ಟು ತುಂಬಿರಲಿಲ್ಲ, ನನಗೆ ಒಂದು ಥರ ಆಯಿತು. ಅವರು ತಡೆಯದೆ ಪೂರ್ತಿ ಕುಡಿದರು. ಹೊಟ್ಟೆಯ ಮೇಲೆ ಕೈ ಹೋಗಲಿಲ್ಲ. ಬಳಪ ತೆಗೆದುಕೊಂಡು ಬರೆದರು: "ಇನ್ನೊಂದು".

ಆ ಪಾಟಿಯನ್ನು ಸಂಜೆಯವರೆಗೂ ಒರೆಸಲು ನನಗೆ ಮನಸ್ಸಾಗಲಿಲ್ಲ. ಎಷ್ಟು ಹಗುರಾಯಿತು ಎಂದು ಹೇಳಲಾರೆ. ನಿನ್ನನ್ನು ಬೈಯುವ ಅರ್ಧ ಮಾತು ಅಲ್ಲೇ ಮರೆತುಹೋಯಿತು, ಉಳಿದ ಅರ್ಧವನ್ನು ಇಲ್ಲಿ ಬರೆದಿದ್ದೇನೆ.

ಬಾಳಮ್ಮ ಮಾತ್ರ ಮುಖ ಊದಿಸಿಕೊಂಡಿದ್ದಾಳೆ. "ಏನ್ ಮಾಡೀರಿ ಅವ್ವಾರ, ನಮ್ಮ ಆಡು ಇವತ್ತ ಮೂಸಿ ನೋಡಿ ಮಾರಿ ತಿರುವಿತು" ಎಂದಳು.

ಇನ್ನು ಹದಿನಾಲ್ಕು ದಿನ ಉಳಿದಿವೆ. ಎರಡೂವರೆ ಕೆಜಿ ಏರಬೇಕು.

ನಿನ್ನ ವೈನಿ


ಮಾಣಿಕನಗರ
10-3-1997

ವೈನಿ,

ನೀವು ಬೈದದ್ದನ್ನು ಮೂರು ಸಾರಿ ಓದಿದೆ. ನೀನು ಎಂದು ಬೈದಿರಿ. ಇಷ್ಟು ವರ್ಷದಲ್ಲಿ ಇಷ್ಟು ಚೆನ್ನಾದ ಪತ್ರ ನನಗೆ ಯಾರೂ ಬರೆದಿಲ್ಲ.

ಆದರೆ ಕಟರ್ ಹಿಡಿದು ನಿಂತ ಸಾಲು ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ನನ್ನ ಜಂಭಕ್ಕೆ ಅಣ್ಣನ ಜೀವ ಹೋಗುತ್ತಿತ್ತು. ನಮ್ಮೂರ ಪ್ರಭುಗಳ ಗುಡಿಗೆ ಹೋಗಿ ಕೂತೆ, ಏನು ಬೇಡಿಕೊಳ್ಳಬೇಕೆಂದು ತಿಳಿಯದೆ ಎದ್ದು ಬಂದೆ.

ಲಾಲ್ ಅಹ್ಮದ ದಿನಾ ಕೇಳುತ್ತಾನೆ, "ಆಡು ಸೊರಗಿತೇನ್ರಿ ಬಾಯಿ?" ಎಂದು. ಸೊರಗುತ್ತಿದೆ ಎಂದರೆ ಗಲ್ಲಾಪೆಟ್ಟಿಗೆ ತುಂಬಿದವನ ಹಾಗೆ ಖುಷಿಪಡುತ್ತಾನೆ. ಅವನು ಹೇಳಿಕಳಿಸಿದ್ದು: ಗಜ್ಜರಿ ತೆಗೆದ ಮೇಲೆ ಯಂತ್ರ ತೊಳೆಯುವ ಮೊದಲು ಎರಡು ಹೋಳು ಮೋಸಂಬಿ ಹಾಕಿದರೆ ಜಾಲರಿಯಲ್ಲಿ ಉಳಿದ ರಸವೂ ಕೆಳಗೆ ಬರುತ್ತದಂತೆ. ಒಂದು ಹನಿಯನ್ನೂ ಬಿಡಬೇಡಿ. ಓಕರಿಕೆ ನಿಂತಿದ್ದರೆ ಹಾಲಿಗೆ ಎರಡು ಚಮಚ ತುಪ್ಪ ಹಾಕಿ ಕೊಡಿ, ಬೇಳೆಯ ಕಟ್ಟಿಗೂ ಹಾಕಿ.

ಇಂದು ಸೋಮವಾರ. ಕಾಟಾದ ಮುಳ್ಳು ಎಲ್ಲಿ ನಿಂತಿತು?

ವಿದ್ಯಾ


ಬಸವಕಲ್ಯಾಣ
17-3-1997

ವಿದ್ಯಾ,

ಹೋದ ಸೋಮವಾರ ನಲವತ್ತೆಂಟೂವರೆ. ಇಂದು ಐವತ್ತಕ್ಕೆ ಕಾಲು ಕೆಜಿ ಕಡಿಮೆ. ಸೇಟರು ಈ ಸಾರಿ ಅಂಕಿಯನ್ನು ಜೋರಾಗಿ ಕೂಗಿ ಹೇಳಿದರು, ಹಮಾಲರೆಲ್ಲ ತಿರುಗಿ ನೋಡಿದರು. ಇವರಿಗೆ ನಾಚಿಕೆ.

ಗುರುವಾರ ನಸುಕಿನ ಬಸ್ಸಿಗೆ ಸೊಲ್ಲಾಪುರಕ್ಕೆ ಹೋಗುತ್ತೇವೆ. ಕಾಲು ಕೆಜಿಗೆ ಇನ್ನು ಮೂರು ದಿನ. ಯಂತ್ರವನ್ನೂ ಚೀಲದಲ್ಲಿ ಕಟ್ಟಿದ್ದೇನೆ, ಮತ್ತೆ ಬಂದಿರುವ ಶೀತಲ್ ನಗುತ್ತಾಳೆ. ಆದರೆ ಊರಿನ ಕಾಟಾ ಒಂದು ಹೇಳಿ ದವಾಖಾನೆಯ ಕಾಟಾ ಇನ್ನೊಂದು ಹೇಳಿದರೆ?

ಬಂದ ಕೂಡಲೇ ಬರೆಯುತ್ತೇನೆ.

ಕಸ್ತೂರಿ


ಮಾಣಿಕನಗರ
22-3-1997

ವೈನಿ,

ಇಪ್ಪತ್ತಕ್ಕೆ ಹೋದಿರಿ. ಇಂದು ಇಪ್ಪತ್ತೆರಡು. ಸುದ್ದಿ ಇಲ್ಲ.

ಹುಸೇನನ ಬಸ್ಸು ಬರುವ ಹೊತ್ತಿಗೆ ಮೂರು ದಿನದಿಂದ ಸ್ಟ್ಯಾಂಡಿನಲ್ಲಿ ನಿಲ್ಲುತ್ತಿದ್ದೇನೆ. ಲಾಲ್ ಅಹ್ಮದ ಸ್ಟೂಲ್ ಹಾಕಿ ಕೂರಿಸುತ್ತಾನೆ, ಈಗ ಏನೂ ಕೇಳುವುದಿಲ್ಲ. ನಿಮ್ಮ ಮನೆಗೆ ಬೀಗ ಹಾಕಿದೆ ಎಂದು ಹುಸೇನ ಹೇಳಿದ. ಬೀಗ ಹಾಕಿದೆ ಎಂದರೆ ಇರಿಸಿಕೊಂಡರು ಎಂದೇ ಅಲ್ಲವೇ? ನಳಿಕೆ ಹಾಕಿದರೆ? ನಾನು ಹೇಳಿದ ಮೂರು ಟಕ್ಕಿನಿಂದ ಹೋದ ಹದಿನೈದು ದಿನ ಇದ್ದಿದ್ದರೆ ಈ ಕಾಲು ಕೆಜಿಯ ಮಾತೇ ಇರುತ್ತಿರಲಿಲ್ಲ.

ಏನಾಗಿದ್ದರೂ ಬರೆಯಿರಿ. ಮುಚ್ಚಿಡಬೇಡಿ.

ವಿದ್ಯಾ


ಬಸವಕಲ್ಯಾಣ
23-3-1997, ಭಾನುವಾರ ಬೆಳಿಗ್ಗೆ

ವಿದ್ಯಾ,

ನಳಿಕೆ ಇಲ್ಲ. ಮೊದಲು ಅದನ್ನು ಓದಿಕೋ, ಉಳಿದದ್ದು ಆಮೇಲೆ.

ದವಾಖಾನೆಯ ಕಾಟಾದಲ್ಲಿ ಐವತ್ತೂವರೆ. ಡಾಕ್ಟರು ಚಪ್ಪಲಿ ಬಿಡಿಸಿ, ಶಾಲು ತೆಗೆಸಿ ಇನ್ನೊಂದು ಸಾರಿ ತೂಗಿದರು. ಐವತ್ತೂವರೆಯೇ. ಎಕ್ಸ್‌ರೇ ನೋಡಿ ಮೂಳೆ ಕೂಡಿದೆ ಎಂದರು, ಅಂದೇ ತಂತಿ ಬಿಚ್ಚಿದರು. ಹಲ್ಲಿನ ಸಂದಿಯಿಂದ ಒಂದೊಂದೇ ತುಂಡು ತೆಗೆದು ತಟ್ಟೆಗೆ ಹಾಕುವಾಗ ಟಿಣ್ ಟಿಣ್ ಎನ್ನುತ್ತಿತ್ತು. ನಾನು ಹೊರಗೆ ಬಂದು ಗೋಡೆಗೆ ಮುಖ ಮಾಡಿ ಅತ್ತೆ. ಯಾರೋ ಮರಾಠಿ ಮುದುಕಿ ನನ್ನ ಬೆನ್ನು ಸವರಿ, ಗಂಡ ಹೋದನೇನೋ ಎಂದು ತಾನೂ ಅಳತೊಡಗಿದಳು. ಇಲ್ಲಮ್ಮ, ಉಳಿದ, ಉಳಿದ ಎಂದು ಆಕೆಗೆ ತಿಳಿಸಿ ಹೇಳುವುದರಲ್ಲಿ ನನ್ನ ಅಳುವೇ ನಿಂತಿತು.

ಬಾಯಿ ಎಷ್ಟು ತೆರೆಯುತ್ತದೆ ನೋಡಬೇಕೆಂದು ಎರಡು ದಿನ ಇರಿಸಿಕೊಂಡರು, ಅದಕ್ಕೇ ಮನೆಗೆ ಬೀಗ. ನಿನ್ನ ಪತ್ರವನ್ನು ಹುಸೇನ ಈಗಷ್ಟೇ ತಂದುಕೊಟ್ಟ. ನಿನ್ನೆ ಸಂಜೆ ಬಂದೆವು. ಒಂದು ಬೆರಳು ಹೋಗುವಷ್ಟು ತೆರೆಯುತ್ತಾರೆ. ಎರಡು ತಿಂಗಳ ಮೇಲೆ ಆಡಿದ ಮೊದಲ ಮಾತು ಏನು ಗೊತ್ತೇ? ದೇವರ ಹೆಸರಲ್ಲ, ನನ್ನ ಹೆಸರೂ ಅಲ್ಲ. "ಹಸಿವಿ ಆಗ್ಯಾದ."

ಇಂದಿನಿಂದ ಮೆತ್ತಗಿನ ಊಟ ಕೊಡಬಹುದು ಎಂದಿದ್ದಾರೆ. ಬೆಳಿಗ್ಗೆ ಎದ್ದು ಜೋಳದ ರೊಟ್ಟಿ ಬಡಿದು, ಬಿಸಿ ಹಾಲಿನಲ್ಲಿ ನೆನೆಸಿ, ಬೆರಳಿನಿಂದ ಹಿಚುಕಿ ಮೆತ್ತಗೆ ಮಾಡಿ ಮುಂದಿಟ್ಟೆ. ಬಟ್ಟಲು ನೋಡುತ್ತಾ ಕೂತರು. ಕೈ ಮುಂದೆ ಬರಲಿಲ್ಲ.

"ಯಾಕ್ರಿ, ನೋಯ್ತದೇನ್ರಿ?" ಎಂದೆ.

"ವಿದ್ಯಾಗ ಕರಿ" ಎಂದರು.

"ಪತ್ರ ಬರೀತೀನಿ, ನೀವು ಮೊದಲ ಉಣ್ರಿ."

"ಅಕಿ ಬರ್ಲಿ. ಬಂದ ಮ್ಯಾಲ ಉಣ್ತೀನಿ. ನಾನೇ ಬರಬ್ಯಾಡ ಅಂದಿದ್ದೆ, ನಾನೇ ಕರೀಬೇಕು. ನಿನ್ನ ಕೈಲೆ ಬರೀ."

ಬೇಡ ಎಂದು ಎಷ್ಟು ಹೇಳಿದರೂ ಕೇಳುತ್ತಿಲ್ಲ. ರಸವಾದರೂ ಕುಡಿಯಿರಿ ಎಂದರೆ ತಲೆ ಅಲ್ಲಾಡಿಸುತ್ತಾರೆ. ಕಷ್ಟಪಟ್ಟು ಏರಿಸಿದ ಮೂರು ಕೆಜಿ ಇಂದು ಒಂದೇ ದಿನದಲ್ಲಿ ಇಳಿಸುವ ಹಾಗೆ ಕಾಣುತ್ತದೆ. ನಿಮ್ಮ ಮನೆತನದ ಹಟ ನಿನಗೊಬ್ಬಳಿಗೇ ಬಂದಿದೆ ಎಂದು ತಿಳಿದಿದ್ದೆ.

ಅಂಚೆಗೆ ಹಾಕಿದರೆ ಎರಡು ದಿನ. ಅದಕ್ಕೆ ಹುಸೇನನ ಕೈಯಲ್ಲೇ ಕೊಡುತ್ತಿದ್ದೇನೆ. ಅವನ ಬಸ್ಸು ಅಲ್ಲಿ ಅರ್ಧ ತಾಸು ನಿಂತು ಇಲ್ಲಿಗೇ ತಿರುಗಿ ಬರುತ್ತದೆ. ಸೀರೆ ಬದಲಿಸುತ್ತಾ ಕೂಡಬೇಡ, ಉತ್ತರ ಬರೆಯಲು ಲೇಖನಿ ಹುಡುಕಬೇಡ. ಒಲೆಯ ಮೇಲೆ ಹಾಲು ಬಿಸಿ ಇಟ್ಟಿದ್ದೇನೆ.

ನಿನ್ನ ಅಣ್ಣ ಬಟ್ಟಲು ಮುಂದಿಟ್ಟುಕೊಂಡು ಹಸಿದು ಕೂತಿದ್ದಾರೆ. ಬಾ.

ಕಸ್ತೂರಿ